‘ಹ್ಯಾವ್’ ಹಿಡಿದಿಟ್ಟ ಕಾಲ

‘ಐ ಲಾಸ್ಟ್ ಮೈ ಕೀ’ ಎಂಬ ಇಂಗ್ಲಿಷ್ ವಾಕ್ಯ ಕೀಲಿಕೈ ಕಳೆದ ಸಂಗತಿಯನ್ನಷ್ಟೇ ಹೇಳುತ್ತದೆ; ಆಮೇಲೆ ಅದು ಸಿಕ್ಕಿತೋ ಇಲ್ಲವೋ ಎಂಬ ಗೊಡವೆ ಅದಕ್ಕಿಲ್ಲ. ‘ಐ ಹ್ಯಾವ್ ಲಾಸ್ಟ್ ಮೈ ಕೀ’ ಎಂದವನಾದರೋ ಈಗಲೂ ಬೀಗ ಹಾಕಿದ ಬಾಗಿಲ ಮುಂದೆಯೇ ನಿಂತಿದ್ದಾನೆ. ನಡೆದದ್ದು ಹಿಂದೆ, ಅದರ ಫಲ ಇಂದು. ಈ ಎರಡನೆಯ ರೂಪವೇ ‘ಪ್ರೆಸೆಂಟ್ ಪರ್ಫೆಕ್ಟ್’, ಅಂದರೆ ಪೂರ್ಣ ವರ್ತಮಾನಕಾಲ.

ಒಡೆತನವನ್ನು ಸೂಚಿಸುವ ‘ಹ್ಯಾವ್’ ಕಾಲವನ್ನು ಸೂಚಿಸತೊಡಗಿದ್ದು ಹೇಗೆ ಎಂಬುದಕ್ಕೆ ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಸುಳಿವಿದೆ. ಅಲ್ಲಿ ‘ಹಿಡಿದ ಮೀನು ನನ್ನ ಬಳಿ ಇದೆ’ ಎಂಬ ಧಾಟಿಯ ರಚನೆಯಿತ್ತು. ‘ಹಿಡಿದ’ ಎಂಬ ಕೃದಂತ ವಿಶೇಷಣದಂತೆ ಮೀನಿನ ಲಿಂಗ, ವಿಭಕ್ತಿಗಳಿಗೆ ತಕ್ಕಂತೆ ರೂಪ ಬದಲಿಸುವುದೂ ಇತ್ತು. ಬರುಬರುತ್ತಾ ಆ ಪ್ರತ್ಯಯಗಳು ಉದುರಿ, ಕೃದಂತ ‘ಹ್ಯಾವ್’ನ ಪಕ್ಕಕ್ಕೆ ಸರಿದು, ‘ಮೀನು ಹಿಡಿದಿದ್ದೇನೆ’ ಎಂಬ ಅರ್ಥ ನೆಲೆಗೊಂಡಿತು.

ಈ ಕಾಲದ ಒಳರಚನೆಯನ್ನು ಜರ್ಮನ್ ಮೂಲದ ತತ್ತ್ವಜ್ಞಾನಿ ಹನ್ಸ್ ರೈಖೆನ್‌ಬಾಖ್ 1947ರಲ್ಲಿ ಮೂರು ಬಿಂದುಗಳಿಂದ ವಿವರಿಸಿದ: ಘಟನೆಯ ಗಳಿಗೆ, ಮಾತಿನ ಗಳಿಗೆ, ಮತ್ತು ಘಟನೆಯನ್ನು ಎಲ್ಲಿ ನಿಂತು ನೋಡಲಾಗುತ್ತಿದೆಯೋ ಆ ನೋಟದ ಗಳಿಗೆ. ಸಾಮಾನ್ಯ ಭೂತಕಾಲದಲ್ಲಿ ನೋಟ ಘಟನೆಯ ಜೊತೆಗಿರುತ್ತದೆ. ಪೂರ್ಣ ವರ್ತಮಾನದಲ್ಲಿ ಅದು ಮಾತಿನ ಗಳಿಗೆಗೆ ಬಂದು ಕೂರುತ್ತದೆ. ಘಟನೆ ಹಳೆಯದಾದರೂ ಕಾಲದ ಹೆಸರಿನಲ್ಲಿ ‘ವರ್ತಮಾನ’ ಇರುವುದು ಇದರಿಂದಲೇ.

ಕನ್ನಡಕ್ಕೆ ಇದು ಅಪರಿಚಿತವಲ್ಲ. ‘ಬಂದು’ ಎಂಬ ಭೂತನ್ಯೂನಕ್ಕೆ ‘ಇದ್ದಾನೆ’ ಸೇರಿ ‘ಬಂದಿದ್ದಾನೆ’ ಆಗುತ್ತದೆ. ಇಂಗ್ಲಿಷ್ ‘ಹೊಂದು’ವುದರಿಂದ ಕಟ್ಟಿದ್ದನ್ನು ಕನ್ನಡ ‘ಇರು’ವುದರಿಂದ ಕಟ್ಟಿದೆ. ಆದರೆ ಎರಡೂ ಎಲ್ಲ ಕಡೆ ಒಂದರ ಮೇಲೊಂದು ಕೂರುವುದಿಲ್ಲ. ‘ಹತ್ತು ವರ್ಷದಿಂದ ಮೈಸೂರಿನಲ್ಲಿದ್ದೇನೆ’ ಎನ್ನಲು ಕನ್ನಡಕ್ಕೆ ಬರಿಯ ವರ್ತಮಾನ ಸಾಕು. ಇಂಗ್ಲಿಷಿಗೆ ‘ಐ ಹ್ಯಾವ್ ಲಿವ್ಡ್ ಇನ್ ಮೈಸೂರ್ ಫಾರ್ ಟೆನ್ ಇಯರ್ಸ್’ ಎಂದೇ ಆಗಬೇಕು. ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬುದು ಇಂಗ್ಲಿಷ್ ಅಂಗಿ ತೊಟ್ಟ ಕನ್ನಡ ವಾಕ್ಯ. ‘ಸಿನ್ಸ್’ ಕೇಳುವುದು ಆರಂಭದ ಬಿಂದುವನ್ನು, ‘ಫಾರ್’ ಕೇಳುವುದು ಅವಧಿಯನ್ನು.

ಇನ್ನೂ ದೊಡ್ಡ ವ್ಯತ್ಯಾಸ ‘ನಿನ್ನೆ’ಯಲ್ಲಿದೆ. ‘ಅವನು ನಿನ್ನೆಯೇ ಬಂದಿದ್ದಾನೆ’ ಎಂಬುದು ಒಳ್ಳೆಯ ಕನ್ನಡ; ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ತಪ್ಪು ಇಂಗ್ಲಿಷ್. ಮುಗಿದುಹೋದ ದಿನವನ್ನು ಹೆಸರಿಸಿದೊಡನೆ ಇಂಗ್ಲಿಷ್ ‘ಹ್ಯಾವ್’ ಅನ್ನು ಕೈಬಿಡುತ್ತದೆ; ಕನ್ನಡ ‘ಇರು’ವನ್ನು ಬಿಡಬೇಕಾಗಿಲ್ಲ.