ದೊಡ್ಡ ಕರುಳಿನ ಸಣ್ಣ ಪಾಲಿಪ್‌ಗಳನ್ನು ತೆಗೆಯುವ ಸಾಧನಗಳು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದೊಡ್ಡ ಕರುಳಿನ ಒಳಪದರದ ಮೇಲೆ ಬೆಳೆಯುವ ಸಣ್ಣ ಗಂಟುಗಳನ್ನು ಪಾಲಿಪ್ ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ನೋವನ್ನಾಗಲಿ ಇತರೆ ಲಕ್ಷಣಗಳನ್ನಾಗಲಿ ಉಂಟುಮಾಡುವುದಿಲ್ಲ. ಆದರೆ ಅಡಿನೋಮ ಎಂಬ ಬಗೆಯ ಪಾಲಿಪ್‌ಗಳ ಪೈಕಿ ಕೆಲವು ಹಲವು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬೆಳೆದು ಕ್ಯಾನ್ಸರ್ ಆಗಿ ಪರಿವರ್ತನೆ ಹೊಂದುತ್ತವೆ. ಈ ಕಾರಣದಿಂದ ಕೊಲೊನೊಸ್ಕೋಪಿ ಪರೀಕ್ಷೆಯ ಸಮಯದಲ್ಲಿ ಇಂತಹ ಪಾಲಿಪ್ ಕಂಡುಬಂದಲ್ಲಿ, ಅದು ಚಿಕ್ಕದಾಗಿದ್ದರೂ ಸಾಮಾನ್ಯವಾಗಿ ಅದೇ ಸಮಯದಲ್ಲಿ ತೆಗೆದುಹಾಕಲಾಗುತ್ತದೆ.

ಇದರ ಪ್ರಯೋಜನವು ದೃಢಪಟ್ಟಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದು 1993ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಾಲಿಪ್ ಅಧ್ಯಯನದಲ್ಲಿ, ಅಡಿನೋಮಗಳನ್ನು ತೆಗೆಸಿಕೊಂಡವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ನಿರೀಕ್ಷಿತ ಪ್ರಮಾಣಕ್ಕಿಂತ ಶೇಕಡ 76ರಿಂದ 90ರಷ್ಟು ಕಡಿಮೆ ಕಂಡುಬಂದಿತು. ಇದೇ ಅಧ್ಯಯನದ ಮುಂದುವರಿಕೆಯಾಗಿ 2012ರಲ್ಲಿ ಪ್ರಕಟವಾದ ವರದಿಯಲ್ಲಿ ಈ ಕ್ಯಾನ್ಸರ್‌ನಿಂದ ಸಂಭವಿಸುವ ಮರಣವೂ ಶೇಕಡ 53ರಷ್ಟು ಕಡಿಮೆಯಾಗಿರುವುದು ತಿಳಿದುಬಂದಿತು.

ಆದಾಗ್ಯೂ, ಪಾಲಿಪ್ ಪೂರ್ಣವಾಗಿ ಹೊರಬಂದಾಗ ಮಾತ್ರ ಈ ಪ್ರಯೋಜನವು ಪೂರ್ಣವಾಗಿ ದೊರೆಯುತ್ತದೆ. ಅಂಚಿನಲ್ಲಿ ಉಳಿದ ಚಿಕ್ಕ ತುಣುಕು ಪುನಃ ಬೆಳೆಯಬಹುದು. ರೋಗಿಯಾದರೋ ಪಾಲಿಪ್ ತೆಗೆಯಲಾಗಿದೆ ಎಂಬ ನಂಬಿಕೆಯಲ್ಲಿ ನಿಶ್ಚಿಂತೆಯಿಂದಿರುತ್ತಾರೆ. ಕೊಲೊನೊಸ್ಕೋಪಿ ಮಾಡಿಸಿಕೊಂಡ ನಂತರವೂ ಕ್ಯಾನ್ಸರ್‌ಗೆ ಒಳಗಾದ 58 ಪ್ರಕರಣಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದ 2014ರ ಒಂದು ವರದಿಯಲ್ಲಿ, 30 ಪ್ರಕರಣಗಳಿಗೆ ಹಿಂದಿನ ಪರೀಕ್ಷೆಯಲ್ಲಿ ಗಂಟು ಕಣ್ಣಿಗೆ ಬೀಳದಿದ್ದುದು ಕಾರಣವೆಂದೂ, 11 ಪ್ರಕರಣಗಳಿಗೆ ಪಾಲಿಪ್ ಅಪೂರ್ಣವಾಗಿ ತೆಗೆಯಲ್ಪಟ್ಟಿದ್ದುದು ಕಾರಣವಿರಬಹುದೆಂದೂ ಅಂದಾಜಿಸಲಾಗಿದೆ. ಆದುದರಿಂದ ಪಾಲಿಪ್ ತೆಗೆಯಲು ಬಳಸುವ ಸಾಧನ ಯಾವುದು ಎಂಬುದು ವೈದ್ಯರಿಗೆ ಮಾತ್ರವಲ್ಲದೆ ರೋಗಿಗಳಿಗೂ ಸಂಬಂಧಿಸಿದ ವಿಷಯವಾಗಿರುತ್ತದೆ.

2. ಪಾಲಿಪ್‌ಗಳ ಗಾತ್ರ

ಸಾಧನದ ಆಯ್ಕೆಯು ಮುಖ್ಯವಾಗಿ ಪಾಲಿಪ್‌ನ ಗಾತ್ರ ಮತ್ತು ಆಕಾರವನ್ನು ಅವಲಂಬಿಸಿರುತ್ತದೆ. ಗಾತ್ರವನ್ನು ಈ ಕೆಳಕಂಡಂತೆ ವಿಂಗಡಿಸಲಾಗಿದೆ.

ಅ) 5 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕವು: ಅತಿ ಸಣ್ಣ ಪಾಲಿಪ್‌ಗಳು
ಆ) 6ರಿಂದ 9 ಮಿ.ಮೀ.: ಸಣ್ಣ ಪಾಲಿಪ್‌ಗಳು
ಇ) 10 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡವು: ದೊಡ್ಡ ಪಾಲಿಪ್‌ಗಳು

ಪರೀಕ್ಷೆಯಲ್ಲಿ ಕಂಡುಬರುವ ಪಾಲಿಪ್‌ಗಳಲ್ಲಿ ಬಹುಪಾಲು ಮೊದಲನೆಯ ಗುಂಪಿಗೆ ಸೇರಿರುತ್ತವೆ. ಇವುಗಳೊಳಗೆ ಆಗಲೇ ಕ್ಯಾನ್ಸರ್ ಇರುವುದು ಅತಿ ವಿರಳ. ಈ ಮಾಹಿತಿಯು ಮೊದಲನೆಯ ಮತ್ತು ಎರಡನೆಯ ಗುಂಪುಗಳಿಗೆ ಸಂಬಂಧಿಸಿದ್ದಾಗಿದೆ.

3. ಬಳಕೆಯಲ್ಲಿರುವ ಸಾಧನಗಳು

ಕೊಲೊನೊಸ್ಕೋಪ್ ಎಂಬುದು ಗುದದ್ವಾರದ ಮೂಲಕ ಒಳಸೇರಿಸುವ, ತುದಿಯಲ್ಲಿ ದೀಪ ಹಾಗೂ ಕ್ಯಾಮರಾ ಇರುವ, ಬಾಗುವ ಕೊಳವೆ. ಈ ಕೊಳವೆಯೊಳಗಿನ ಕಿರಿದಾದ ಮಾರ್ಗದಲ್ಲಿ ಉದ್ದವಾದ ತೆಳು ಉಪಕರಣಗಳನ್ನು ಹಾಯಿಸಿ ಪಾಲಿಪ್ ತೆಗೆಯಲಾಗುತ್ತದೆ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಸಾಧನಗಳು ನಾಲ್ಕು ವಿಧ. ಆಸ್ಪತ್ರೆಯ ವರದಿಗಳಲ್ಲಿ ಇವುಗಳ ಇಂಗ್ಲಿಷ್ ಹೆಸರುಗಳೇ ಇರುವುದರಿಂದ ಅವನ್ನೂ ಇಲ್ಲಿ ನೀಡಲಾಗಿದೆ. "ಕೋಲ್ಡ್" ಎಂದರೆ ತಂಪುಗೊಳಿಸಿದ್ದು ಎಂದರ್ಥವಲ್ಲ. ವಿದ್ಯುತ್ತನ್ನು ಹಾಯಿಸದೆ ಬಳಸುವ ಸಾಧನ ಎಂದರ್ಥ.

(1) ವಿದ್ಯುತ್ ರಹಿತ ಇಕ್ಕಳ, ಅಂದರೆ ಕೋಲ್ಡ್ ಫೋರ್ಸೆಪ್ಸ್: ಎರಡು ಪುಟ್ಟ ಬಟ್ಟಲುಗಳಂತಹ ಬಾಯಿಯುಳ್ಳ ಇಕ್ಕಳದಿಂದ ಪಾಲಿಪ್ಪನ್ನು ಕಚ್ಚಿ ಕೀಳಲಾಗುತ್ತದೆ. ಬಳಕೆ ಸುಲಭ. ತುಣುಕು ಇಕ್ಕಳದ ಬಾಯಿಯಲ್ಲಿಯೇ ಹೊರಬರುವುದರಿಂದ ಕಳೆದುಹೋಗುವುದಿಲ್ಲ. ಆದರೆ ಪಾಲಿಪ್ ಇಕ್ಕಳದ ಬಾಯಿಗಿಂತ ದೊಡ್ಡದಾಗಿದ್ದಲ್ಲಿ ಹಲವು ಬಾರಿ ಕಚ್ಚಬೇಕಾಗುತ್ತದೆ. ಮೊದಲ ಕಚ್ಚಿನಿಂದಲೇ ಒಸರುವ ರಕ್ತವು ಅಂಚನ್ನು ಮರೆಮಾಡುವುದರಿಂದ ಅಂಚಿನ ಭಾಗ ಉಳಿದುಬಿಡುವ ಸಂಭವವಿರುತ್ತದೆ.

(2) ವಿದ್ಯುತ್ ರಹಿತ ಕುಣಿಕೆ, ಅಂದರೆ ಕೋಲ್ಡ್ ಸ್ನೇರ್: ತೆಳುವಾದ ತಂತಿಯ ಕುಣಿಕೆಯನ್ನು ಪಾಲಿಪ್‌ನ ಸುತ್ತ ಹಾಕಿ, ಅದರೊಂದಿಗೆ 1ರಿಂದ 2 ಮಿ.ಮೀ. ಅಗಲದ ಆರೋಗ್ಯವಂತ ಒಳಪದರವನ್ನೂ ಸೇರಿಸಿ ಬಿಗಿದು ಕತ್ತರಿಸಲಾಗುತ್ತದೆ. ನಂತರ ತುಣುಕನ್ನು ಕೊಳವೆಯ ಮೂಲಕ ಹೀರಿ ಸಂಗ್ರಹಿಸಲಾಗುತ್ತದೆ. ಕೆಲವೊಮ್ಮೆ ತುಣುಕು ಕೈತಪ್ಪಿ ಸಿಗದೆ ಹೋಗುವುದುಂಟು.

(3) ವಿದ್ಯುತ್ ಕುಣಿಕೆ, ಅಂದರೆ ಹಾಟ್ ಸ್ನೇರ್: ಇದೂ ಕುಣಿಕೆಯೇ, ಆದರೆ ಬಿಗಿಯುವಾಗ ವಿದ್ಯುತ್ ಹಾಯಿಸಿ ಶಾಖದಿಂದ ಕತ್ತರಿಸಲಾಗುತ್ತದೆ. ಕತ್ತರಿಸಿದ ಜಾಗದ ರಕ್ತನಾಳಗಳು ಶಾಖಕ್ಕೆ ಮುಚ್ಚಿಕೊಳ್ಳುವುದರಿಂದ ಆ ಕ್ಷಣದಲ್ಲಿ ರಕ್ತ ಕಡಿಮೆ.

(4) ವಿದ್ಯುತ್ ಇಕ್ಕಳ, ಅಂದರೆ ಹಾಟ್ ಬಯಾಪ್ಸಿ ಫೋರ್ಸೆಪ್ಸ್: ಇಕ್ಕಳದಿಂದ ಪಾಲಿಪ್ಪನ್ನು ಹಿಡಿದೆತ್ತಿ ವಿದ್ಯುತ್ ಹಾಯಿಸಿ ಬುಡವನ್ನು ಸುಡುವ ವಿಧಾನ. ಹಿಂದೆ ಸಣ್ಣ ಪಾಲಿಪ್‌ಗಳಿಗೆ ವ್ಯಾಪಕವಾಗಿ ಬಳಕೆಯಲ್ಲಿತ್ತು.

4. ಸಾಧನಗಳ ಹೋಲಿಕೆ

4.1 ಪೂರ್ಣವಾಗಿ ತೆಗೆಯುವಿಕೆ

ದಕ್ಷಿಣ ಕೊರಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 5 ಮಿ.ಮೀ.ವರೆಗಿನ ಪಾಲಿಪ್‌ಗಳನ್ನು ಪೂರ್ಣವಾಗಿ ತೆಗೆದ ಪ್ರಮಾಣವು ವಿದ್ಯುತ್ ರಹಿತ ಕುಣಿಕೆಯಲ್ಲಿ ಶೇಕಡ 93.2 ಹಾಗೂ ವಿದ್ಯುತ್ ರಹಿತ ಇಕ್ಕಳದಲ್ಲಿ ಶೇಕಡ 75.9 ಆಗಿತ್ತು. ಅಂದರೆ ಇಕ್ಕಳ ಬಳಸಿದಾಗ ಸುಮಾರು ನಾಲ್ಕರಲ್ಲಿ ಒಂದು ಪಾಲಿಪ್‌ನ ಅಂಶ ಕರುಳಿನಲ್ಲಿಯೇ ಉಳಿದಿತ್ತು. 3 ಮಿ.ಮೀ.ವರೆಗಿನ, ಒಂದೇ ಕಚ್ಚಿಗೆ ಸಿಗುವಷ್ಟು ಚಿಕ್ಕ ಪಾಲಿಪ್‌ಗಳಲ್ಲಿ ಮಾತ್ರ ಈ ಅಂತರವು ಬಹುಮಟ್ಟಿಗೆ ಕಾಣುವುದಿಲ್ಲ.

ಶಾಖವನ್ನು ಬಳಸಿದಲ್ಲಿ ಇನ್ನೂ ಹೆಚ್ಚು ಪೂರ್ಣವಾಗಿ ಹೊರಬರುವುದೇ ಎಂಬ ಪ್ರಶ್ನೆಗೆ ಜಪಾನ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು ಉತ್ತರ ನೀಡಿದೆ. 4ರಿಂದ 9 ಮಿ.ಮೀ. ಗಾತ್ರದ ಅಡಿನೋಮಗಳಲ್ಲಿ ಪೂರ್ಣ ತೆಗೆಯುವಿಕೆಯು ವಿದ್ಯುತ್ ರಹಿತ ಕುಣಿಕೆಯಿಂದ ಶೇಕಡ 98.2, ವಿದ್ಯುತ್ ಕುಣಿಕೆಯಿಂದ ಶೇಕಡ 97.4 ಆಗಿತ್ತು. ಆದುದರಿಂದ ಈ ಗಾತ್ರದ ಪಾಲಿಪ್‌ಗಳಲ್ಲಿ ಶಾಖದಿಂದ ಹೆಚ್ಚಿನ ಲಾಭವಿಲ್ಲ.

4.2 ರಕ್ತಸ್ರಾವ

ವಿದ್ಯುತ್ ರಹಿತ ಕುಣಿಕೆಯಿಂದ ಕತ್ತರಿಸಿದ ಕೂಡಲೇ ಸ್ವಲ್ಪ ರಕ್ತ ಒಸರುವುದು ಸಾಮಾನ್ಯ. ಇದು ವೈದ್ಯರ ಕಣ್ಣೆದುರಿನಲ್ಲಿಯೇ ನಡೆಯುತ್ತದೆ. ಬಹುತೇಕ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದಲ್ಲಿ ಲೋಹದ ಕ್ಲಿಪ್ ಹಾಕಿ ತಕ್ಷಣ ನಿಲ್ಲಿಸಬಹುದು. ಆದರೆ ಶಾಖವು ಒಳಪದರದ ಕೆಳಗಿರುವ ರಕ್ತನಾಳಗಳವರೆಗೆ ಇಳಿಯುತ್ತದೆ. ಸುಟ್ಟ ಜಾಗದ ಹಕ್ಕಳೆಯು ಕೆಲವು ದಿನಗಳ ನಂತರ ಕಳಚಿದಾಗ, ರೋಗಿಯು ಮನೆಯಲ್ಲಿರುವಾಗ ಅಥವಾ ಪ್ರಯಾಣದಲ್ಲಿರುವಾಗ ರಕ್ತಸ್ರಾವವಾಗಬಹುದು. ಆಸ್ಪತ್ರೆಯಿಂದ ದೂರದ ಗ್ರಾಮಗಳಲ್ಲಿ ವಾಸಿಸುವವರಿಗೆ ಈ ವ್ಯತ್ಯಾಸವು ಅತಿ ಮುಖ್ಯವಾದುದು.

ತೈವಾನ್‌ನಲ್ಲಿ 4,270 ಜನರನ್ನು ಒಳಗೊಂಡು ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 4ರಿಂದ 10 ಮಿ.ಮೀ. ಗಾತ್ರದ ಪಾಲಿಪ್ ತೆಗೆದ ನಂತರದ ದಿನಗಳಲ್ಲಿ ರಕ್ತಸ್ರಾವವಾದವರು ವಿದ್ಯುತ್ ರಹಿತ ಕುಣಿಕೆಯ ಗುಂಪಿನಲ್ಲಿ 8 ಜನ (ಶೇಕಡ 0.4), ವಿದ್ಯುತ್ ಕುಣಿಕೆಯ ಗುಂಪಿನಲ್ಲಿ 31 ಜನ (ಶೇಕಡ 1.5). ಎರಡೂ ಪ್ರಮಾಣಗಳು ಕಡಿಮೆಯೇ ಆದರೂ, ಒಂದು ಇನ್ನೊಂದರ ಸುಮಾರು ನಾಲ್ಕರಷ್ಟಿದೆ.

4.3 ಕರುಳಿನ ಗೋಡೆಗೆ ಹಾನಿ ಹಾಗೂ ಪ್ರಯೋಗಾಲಯ ಪರೀಕ್ಷೆ

ದೊಡ್ಡ ಕರುಳಿನ ಗೋಡೆ ತೆಳುವಾದುದು. ಬಲಭಾಗದಲ್ಲಿ ಇನ್ನೂ ತೆಳು. ಶಾಖವು ಆಳಕ್ಕೆ ಇಳಿದಲ್ಲಿ ಗೋಡೆಗೆ ಸುಟ್ಟಗಾಯವಾಗುವ, ಅಪರೂಪಕ್ಕೆ ರಂಧ್ರವಾಗುವ ಅಪಾಯವಿದೆ. ವಿದ್ಯುತ್ ಇಕ್ಕಳದಿಂದ ತೆಗೆದ ತುಣುಕು ಸುಟ್ಟಿರುವುದರಿಂದ ಅದು ಯಾವ ಬಗೆಯ ಪಾಲಿಪ್ ಎಂದು ಪ್ರಯೋಗಾಲಯದಲ್ಲಿ ಗುರುತಿಸುವುದೂ ಕಷ್ಟವಾಗುತ್ತದೆ.

5. ತಜ್ಞ ಸಂಸ್ಥೆಗಳ ಶಿಫಾರಸು

ಮೇಲ್ಕಂಡ ಬಗೆಯ ಅಧ್ಯಯನಗಳ ಆಧಾರದ ಮೇಲೆ, ಯುರೋಪಿನ ಜಠರ-ಕರುಳಿನ ಎಂಡೋಸ್ಕೋಪಿ ಸಂಘವು 2017ರಲ್ಲಿ ಹಾಗೂ ಅಮೆರಿಕದ ಬಹುಸಂಘಗಳ ಕಾರ್ಯಪಡೆಯು 2020ರಲ್ಲಿ, 10 ಮಿ.ಮೀ.ಗಿಂತ ಕಡಿಮೆ ಗಾತ್ರದ ಪಾಲಿಪ್‌ಗಳಿಗೆ ವಿದ್ಯುತ್ ರಹಿತ ಕುಣಿಕೆಯೇ ಸೂಕ್ತವೆಂದು ತಿಳಿಸಿವೆ. ವಿದ್ಯುತ್ ಇಕ್ಕಳವನ್ನು ಬಳಸಬಾರದೆಂದು ಎರಡೂ ಸಂಸ್ಥೆಗಳು ಸೂಚಿಸಿವೆ. ವಿದ್ಯುತ್ ರಹಿತ ಇಕ್ಕಳವನ್ನು, ಕುಣಿಕೆ ಹಾಕುವುದು ಕಷ್ಟವಾಗುವ ಅತ್ಯಂತ ಚಿಕ್ಕ ಪಾಲಿಪ್‌ಗಳಿಗೆ ಸೀಮಿತಗೊಳಿಸಲಾಗಿದೆ.

ಇದರಿಂದ ವಿದ್ಯುತ್ ಕುಣಿಕೆಯು ನಿರುಪಯುಕ್ತವೆಂದು ಭಾವಿಸತಕ್ಕದ್ದಲ್ಲ. ತೊಟ್ಟಿನಂತಹ ಕಾಂಡವುಳ್ಳ ಪಾಲಿಪ್‌ಗಳ ಕಾಂಡದಲ್ಲಿ ದೊಡ್ಡ ರಕ್ತನಾಳವಿರುವುದರಿಂದ ಅಲ್ಲಿ ವಿದ್ಯುತ್ ಕುಣಿಕೆ ಅಗತ್ಯವಾಗುತ್ತದೆ. ಅನೇಕ ದೊಡ್ಡ ಪಾಲಿಪ್‌ಗಳಿಗೂ ಇದು ಬಳಕೆಯಲ್ಲಿದೆ. ಕ್ಯಾನ್ಸರ್ ಶಂಕೆಯಿರುವ ಪಾಲಿಪ್‌ಗಳಿಗೆ ಬೇರೆಯದೇ ವಿಧಾನಗಳಿವೆ. ಪಾಲಿಪ್ಪನ್ನು ಪ್ರತ್ಯಕ್ಷ ನೋಡಿದ ವೈದ್ಯರ ತೀರ್ಮಾನವೇ ಅಂತಿಮವಾಗಿರುತ್ತದೆ.

6. ಪರೀಕ್ಷೆಗೆ ಮುನ್ನ ಗಮನಿಸಬೇಕಾದ ಅಂಶಗಳು

ಅ) ನಮ್ಮ ದೇಶದ ಸಾಮೂಹಿಕ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು ಸೇರಿದ್ದು, ದೊಡ್ಡ ಕರುಳಿನ ಕ್ಯಾನ್ಸರ್ ಸೇರಿರುವುದಿಲ್ಲ. ಆದುದರಿಂದ ಮಲದಲ್ಲಿ ರಕ್ತ ಕಂಡುಬಂದಲ್ಲಿ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸುಮ್ಮನಿರದೆ ವೈದ್ಯರನ್ನು ಕಾಣತಕ್ಕದ್ದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಇದ್ದಲ್ಲಿ ಆ ವಿಷಯವನ್ನು ತಿಳಿಸುವುದು.

ಆ) ರಕ್ತ ಹೆಪ್ಪುಗಟ್ಟದಂತೆ ಸೇವಿಸುತ್ತಿರುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಮುಂತಾದ ಮಾತ್ರೆಗಳ ವಿವರವನ್ನು ಮುಂಚಿತವಾಗಿ ನೀಡತಕ್ಕದ್ದು. ಯಾವುದೇ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಹೃದಯದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ನಿಲ್ಲಿಸಿದಲ್ಲಿ ಪ್ರಾಣಾಪಾಯ ಸಂಭವಿಸಬಹುದು.

ಇ) ಕರುಳು ಸ್ವಚ್ಛವಾಗಿರದಿದ್ದಲ್ಲಿ ಸಣ್ಣ ಪಾಲಿಪ್‌ಗಳು ಕಾಣುವುದಿಲ್ಲ. ನೀಡಲಾದ ಭೇದಿ ಔಷಧವನ್ನು ಸೂಚಿಸಿದ ವೇಳೆಗೆ ಪೂರ್ಣವಾಗಿ ಕುಡಿಯುವುದು. ಸೊಪ್ಪು, ಕಾಳು, ಬೀಜಗಳಿರುವ ಹಣ್ಣು ಮುಂತಾದ ನಾರಿನ ಆಹಾರವನ್ನು ವೈದ್ಯರು ತಿಳಿಸಿದಷ್ಟು ದಿನ ವರ್ಜಿಸುವುದು.

ಈ) ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ, ಪಾಲಿಪ್ ಕಂಡಲ್ಲಿ ಅದೇ ದಿನ ತೆಗೆಯಲಾಗುವುದೇ, ಯಾವ ಸಾಧನ ಬಳಸಲಾಗುವುದು ಎಂದು ವಿಚಾರಿಸುವ ಹಕ್ಕು ರೋಗಿಗೆ ಇರುತ್ತದೆ.

7. ಪರೀಕ್ಷೆಯ ನಂತರ

ಅ) ಪಾಲಿಪ್‌ಗಳ ಸಂಖ್ಯೆ, ಗಾತ್ರ, ಇದ್ದ ಸ್ಥಳ, ಬಳಸಿದ ಸಾಧನ, ಪೂರ್ಣವಾಗಿ ತೆಗೆಯಲಾಗಿದೆಯೇ ಹಾಗೂ ತುಣುಕು ದೊರೆತಿದೆಯೇ ಎಂಬ ವಿವರಗಳುಳ್ಳ ಲಿಖಿತ ವರದಿಯನ್ನು ಪಡೆದುಕೊಳ್ಳತಕ್ಕದ್ದು.

ಆ) ಪ್ರಯೋಗಾಲಯದ ವರದಿಯು ಕೆಲವು ದಿನಗಳ ನಂತರ ಬರುತ್ತದೆ. ಅದನ್ನು ತಪ್ಪದೆ ಪಡೆದು ವೈದ್ಯರಿಗೆ ತೋರಿಸತಕ್ಕದ್ದು. ಮುಂದಿನ ಕೊಲೊನೊಸ್ಕೋಪಿ ಯಾವಾಗ ಎಂಬುದು ಈ ಎರಡು ವರದಿಗಳನ್ನು ಅವಲಂಬಿಸಿರುವುದರಿಂದ ಇವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಇ) ಹೆಚ್ಚು ರಕ್ತ ಅಥವಾ ರಕ್ತದ ಗಡ್ಡೆಗಳು ಹೋಗುವುದು, ತೀವ್ರ ಹೊಟ್ಟೆನೋವು, ಹೊಟ್ಟೆ ಬಿಗಿಯುವುದು, ಜ್ವರ, ತಲೆಸುತ್ತು ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು ಅಥವಾ 108 ಆಂಬುಲೆನ್ಸ್ ಕರೆಸತಕ್ಕದ್ದು. ವಿದ್ಯುತ್ ಕುಣಿಕೆ ಬಳಸಿದ್ದಲ್ಲಿ ಸುಮಾರು ಎರಡು ವಾರಗಳವರೆಗೆ ಈ ಎಚ್ಚರಿಕೆ ಅಗತ್ಯ.

8. ಸೌಲಭ್ಯ ಪಡೆಯುವ ಕುರಿತು

ಕೊಲೊನೊಸ್ಕೋಪಿ ಅಗತ್ಯವಿದೆಯೇ ಎಂಬುದನ್ನು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರಲ್ಲಿ ತೋರಿಸಿ ತಿಳಿಯುವುದು. ಸರ್ಕಾರದ ಆರೋಗ್ಯ ಯೋಜನೆಗಳ ಅಡಿಯಲ್ಲಿ ವೆಚ್ಚ ಭರಿಸಲು ಅವಕಾಶವಿದೆಯೇ, ಶಿಫಾರಸು ಪತ್ರ ಬೇಕೇ ಎಂಬ ವಿವರಗಳನ್ನು ಪರೀಕ್ಷೆಗೆ ಮುಂಚಿತವಾಗಿಯೇ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸುವುದು. ಪಡಿತರ ಚೀಟಿ, ಆಧಾರ್ ಚೀಟಿ, ಹಿಂದಿನ ಪರೀಕ್ಷಾ ವರದಿಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನು ಜೊತೆಯಲ್ಲಿ ಕೊಂಡೊಯ್ಯುವುದು.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದ್ದು, ವೈದ್ಯಕೀಯ ಸಲಹೆಗೆ ಪರ್ಯಾಯವಾಗಿರುವುದಿಲ್ಲ.