ಪೇಟೆಂಟ್ ಕಚೇರಿಯ ಪತ್ರ: ತಿಳಿಸಬೇಕಾದವರು ಯಾರು?

"ಡಾಕ್ಟ್ರೇ, ಓಜೆಂಪಿಕ್ ಪೇಟೆಂಟನ್ನು ಕಂಪನಿಯವರು ಫೀಸು ಕಟ್ಟದೆ ಕಳಕೊಂಡರಂತೆ, ನಿಜವೇ?" ನಮ್ಮ ಕೆನಡಾದ ಕನ್ನಡ ಬಂಧುಗಳಲ್ಲಿ ಹಲವರು ನನ್ನನ್ನು ಹೀಗೆ ಕೇಳಿದ್ದಾರೆ. ಸುದ್ದಿ ನಿಜ. ನಾನು ವೈದ್ಯ, ವಕೀಲನಲ್ಲ. ಆದರೂ ಈ ಮದ್ದು ನಮ್ಮಲ್ಲಿ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ಇರುವುದರಿಂದ, ನಿವೃತ್ತಿಯ ಬಿಡುವಿನಲ್ಲಿ ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಪೇಟೆಂಟ್ ಒಮ್ಮೆ ಸಿಕ್ಕಿದರೆ 20 ವರ್ಷ ತಾನಾಗಿ ಉಳಿಯುವುದಿಲ್ಲ. ಕೆನಡಾದಲ್ಲಿ ಅರ್ಜಿ ಸಲ್ಲಿಸಿ ಎರಡು ವರ್ಷವಾದಾಗಿನಿಂದ ವರ್ಷವರ್ಷವೂ ನಿರ್ವಹಣಾ ಶುಲ್ಕ ಕಟ್ಟಬೇಕು. ಅಮೆರಿಕದಲ್ಲಿ ಪೇಟೆಂಟ್ ಮಂಜೂರಾದ ಮೇಲೆ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಗಳಿಗೆ, ಒಟ್ಟು ಮೂರೇ ಕಂತು.

ಓಜೆಂಪಿಕ್‌ನಲ್ಲಿರುವ ಸೆಮಾಗ್ಲುಟೈಡ್‌ಗೆ ಇಲ್ಲಿ ನೊವೊ ನಾರ್ಡಿಸ್ಕ್ ಕಂಪನಿ ಅರ್ಜಿ ಹಾಕಿದ್ದು 2006ರಲ್ಲಿ. ಮುಂದೆ ಒಂದು ವರ್ಷದ ಶುಲ್ಕ 250 ಡಾಲರ್ ಕಟ್ಟಿ, ಅದನ್ನೇ ಹಿಂದಕ್ಕೆ ಕೇಳಿತು. 2019ರಲ್ಲಿ ಪೇಟೆಂಟ್ ಕಚೇರಿ ಪತ್ರ ಬರೆಯಿತು: ಶುಲ್ಕ ಬಂದಿಲ್ಲ, ತಡವಾದ ದಂಡ ಸೇರಿ 450 ಡಾಲರ್ ಆಗುತ್ತದೆ. ಹಣ ಬರಲಿಲ್ಲ, ಪೇಟೆಂಟ್ ರದ್ದಾಯಿತು. ಜಗತ್ತಿನ ಅತಿ ಹೆಚ್ಚು ಮಾರಾಟವಾಗುವ ಔಷಧಗಳಲ್ಲಿ ಒಂದರ ಕಥೆ ಇದು! ಆದರೆ ನಷ್ಟ ಜನ ಆಡಿಕೊಂಡಷ್ಟು ದೊಡ್ಡದಲ್ಲ ಎಂದು ನನ್ನ ಎಣಿಕೆ. ಶುಲ್ಕ ಕಟ್ಟಿದ್ದರೂ 20 ವರ್ಷ 2026ಕ್ಕೆ ಮುಗಿಯುತ್ತಿತ್ತು. ಪರೀಕ್ಷಾ ಮಾಹಿತಿಗೆ ಕಾನೂನು ಬೇರೆಯಾಗಿ ಕೊಡುವ ರಕ್ಷಣೆ 2026ರ ಜನವರಿವರೆಗೆ ಬೇರೆ ತಯಾರಕರನ್ನು ಹೇಗೂ ತಡೆದಿತ್ತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಪತ್ರ. ಕ್ಲಿನಿಕ್ಕಿನಲ್ಲಿ ರೋಗಿ ಅಪಾಯಿಂಟ್‌ಮೆಂಟಿಗೆ ಬಾರದಿದ್ದರೆ ಫೋನು ಮಾಡುವುದು ನಮ್ಮ ಕರ್ತವ್ಯ ಎಂದೇ ಕಲಿತವನು ನಾನು. ಪೇಟೆಂಟಿನ ಲೋಕದ ರೀತಿ ಬೇರೆ. ಅಮೆರಿಕದ ಕಚೇರಿ ನೆನಪಿನ ಪತ್ರ ಕಳಿಸುತ್ತದೆ, ಆದರೆ ಅದು ಬರಿಯ ಸೌಜನ್ಯ, ಬಾಧ್ಯತೆಯಲ್ಲ. ಪತ್ರ ಕೈಸೇರಲಿಲ್ಲ ಎಂದರೆ ಗಡುವು ನಿಲ್ಲುವುದಿಲ್ಲ. ಕೆನಡಾದಲ್ಲಿ 2019ರ ಅಕ್ಟೋಬರಿನಿಂದ ನಿಯಮ ಸ್ವಲ್ಪ ಮೃದುವಾಗಿದೆ. ಈಗ ಬಾಕಿಯ ನೋಟಿಸ್ ಕಳಿಸುವುದು ಕಚೇರಿಯ ಹೊಣೆ. ಗಡುವಿನಿಂದ ಆರು ತಿಂಗಳು ಅಥವಾ ನೋಟಿಸಿನ ದಿನದಿಂದ ಎರಡು ತಿಂಗಳು, ಯಾವುದು ತಡವೋ ಅಲ್ಲಿಯವರೆಗೆ ದಂಡದೊಡನೆ ಕಟ್ಟಬಹುದು. ಅದೂ ದಾಟಿದರೆ ಪೇಟೆಂಟನ್ನು ಮರಳಿ ಪಡೆಯಲು, ತಕ್ಕ ಎಚ್ಚರ ವಹಿಸಿದ್ದರೂ ತಪ್ಪಿಹೋಯಿತು ಎಂದು ತೋರಿಸಬೇಕು. ಮರೆತೆವು ಎಂದರೆ ಸಾಲದು.

ಔಷಧಗಳ ವಿಷಯದಲ್ಲಿ ತಿಳಿಸುವ ಹೊಣೆ ಇನ್ನೊಂದು ಕಡೆಯವರಿಗೂ ಉಂಟು. ಮೂಲ ಕಂಪನಿ ಹೆಲ್ತ್ ಕೆನಡಾದ ಪಟ್ಟಿಯಲ್ಲಿ ತನ್ನ ಪೇಟೆಂಟ್ ನಮೂದಿಸಿದ್ದರೆ, ಅದರ ಅವಧಿ ಮುಗಿಯುವ ಮೊದಲೇ ಮಾರಲು ಬಯಸುವ ಜೆನೆರಿಕ್ ತಯಾರಕರು, "ನಿಮ್ಮ ಪೇಟೆಂಟ್ ಊರ್ಜಿತವಲ್ಲ" ಅಥವಾ "ನಾವು ಅದನ್ನು ಉಲ್ಲಂಘಿಸುವುದಿಲ್ಲ" ಎಂದು ಕಾರಣ ಸಮೇತ ನೋಟಿಸ್ ಕೊಡಬೇಕು. ಮೂಲ ಕಂಪನಿಗೆ ಮೊಕದ್ದಮೆ ಹೂಡಲು 45 ದಿನ. ಹೂಡಿದರೆ ಜೆನೆರಿಕ್ ಅನುಮತಿ ಸಾಮಾನ್ಯವಾಗಿ 24 ತಿಂಗಳವರೆಗೆ ತಡೆಯಲ್ಲಿ ಇರುತ್ತದೆ. ಅಗ್ಗದ ಮದ್ದಿಗಾಗಿ ಕಾಯುವ ರೋಗಿಗೆ ಈ ನೋಟಿಸ್ ಯಾರೂ ಕಳಿಸುವುದಿಲ್ಲ. ಆದರೆ ಆತನ ತಿಂಗಳ ಖರ್ಚನ್ನು ತೀರ್ಮಾನಿಸುವ ಕಾಗದಗಳಲ್ಲಿ ಇದೂ ಒಂದು. ರದ್ದಾದ ಪೇಟೆಂಟಿಗೆ ಇಂಥ ನೋಟಿಸಿನ ಗೊಡವೆಯೇ ಇಲ್ಲ.

ನಮ್ಮ ಸಂಘದ ಮಕ್ಕಳಲ್ಲಿ ಸಂಶೋಧಕರು, ಎಂಜಿನಿಯರುಗಳು ಬಹಳ. ಸ್ವಂತ ಹೆಸರಿನಲ್ಲಿ ಪೇಟೆಂಟ್ ಇರುವವರು ಮನೆ ಬದಲಿಸಿದಾಗ ಕಚೇರಿಯಲ್ಲಿ ವಿಳಾಸವನ್ನೂ ಬದಲಿಸಿ. ಸರ್ಕಾರಿ ಪತ್ರದಂತೆಯೇ ಕಾಣುವ ಖಾಸಗಿ ಬಿಲ್ಲುಗಳು ಪೇಟೆಂಟ್‌ದಾರರಿಗೆ ಬರುತ್ತವೆ. ಕಚೇರಿಗಳೇ ಈ ಬಗ್ಗೆ ಎಚ್ಚರಿಸಿವೆ. ಹಣ ಕಟ್ಟುವ ಮೊದಲು ಕಳಿಸಿದವರು ಯಾರೆಂದು ನೋಡಿ. ಅನುಮಾನ ಬಂದರೆ ನಿಮ್ಮ ಪೇಟೆಂಟ್ ಏಜೆಂಟರನ್ನು ಕೇಳಿ.