ಕೆಂಪೆಲ್ಲ ಮುತ್ತುಗವಲ್ಲ

ಶಿವರಾತ್ರಿಯ ಆಸುಪಾಸಿನ ದಿನಗಳಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ, ಅಲ್ಲಿಂದ ಮೂಡಿಗೆರೆಯ ಮಾರ್ಗವಾಗಿ ಕಳಸಕ್ಕೆ ಪ್ರಯಾಣ ಮಾಡುವವರಲ್ಲಿ ಬಸ್ಸಿನ ಕಿಟಕಿಯ ಪಕ್ಕ ಸ್ಥಳ ದೊರೆತವರೇ ಪುಣ್ಯವಂತರು. ಎಲೆಯುದುರಿಸಿ ಬರಿಮೈಯಲ್ಲಿ ನಿಂತ ಮರಗಳು ಒಂದರ ಹಿಂದೆ ಒಂದರಂತೆ ಕೆಂಪನ್ನು ಹೊತ್ತು ಎದುರಾಗುತ್ತವೆ. “ಅದು ಯಾವ ಹೂವು?” ಎಂದು ಮಗು ಕೇಳಿದರೆ, “ಮುತ್ತುಗ” ಎಂದು ಹಿರಿಯರೊಬ್ಬರು ತಡಮಾಡದೆ ಉತ್ತರ ಕೊಡುತ್ತಾರೆ. ಕಡೂರಿನ ಬಯಲಿನಲ್ಲಿ ಆ ಉತ್ತರ ಸರಿ. ಮೂಡಿಗೆರೆಯ ಕಾಫಿ ತೋಟಗಳ ನಡುವೆ ಅದೇ ಉತ್ತರ ಬಹುಮಟ್ಟಿಗೆ ತಪ್ಪು. ಕಳಸದ ಕಾಡಿನ ಮರವೊಂದರ ಕೊಂಬೆಯ ಮೇಲೆ ಜೋತಾಡುವ ಕೆಂಪು ಗೊಂಚಲನ್ನು ಕಂಡು ಹಾಗೆಂದರಂತೂ ಮಗುವೇ ನಕ್ಕೀತು.

ಕೆಂಪು ಎಂಬುದು ಹೂವಿನ ಹೆಸರಲ್ಲ, ಅದೊಂದು ಕರೆ. ಜೇನುಹುಳುವಿನ ಕಣ್ಣಿಗೆ ಕೆಂಪು ಬಣ್ಣ ಎದ್ದು ಕಾಣುವುದಿಲ್ಲ. ಹಕ್ಕಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹಕ್ಕಿಗಳ ಕೊಕ್ಕಿಗೂ ನೆತ್ತಿಗೂ ಪರಾಗ ಸವರಿ ಕಳುಹಿಸಬೇಕಾದ ಗಿಡಮರಗಳು, ಅವು ಯಾವ ಕುಲದವೇ ಆಗಿರಲಿ, ಕೆಂಪನ್ನು ಉಟ್ಟು ನಿಲ್ಲುತ್ತವೆ. ಒಂದೇ ಬಣ್ಣದ ಸೀರೆ ಉಟ್ಟ ಮಾತ್ರಕ್ಕೆ ಅಕ್ಕತಂಗಿಯರಾಗುವುದಿಲ್ಲವಷ್ಟೆ! ಹೂವಿನ ನಿಜವಾದ ಗುರುತು ಬಣ್ಣದಲ್ಲಿಲ್ಲ. ಅದನ್ನು ಹೊತ್ತ ಪುಷ್ಪಪಾತ್ರೆ, ದಳಗಳ ಜೋಡಣೆ, ಒಳಗಿನ ಕೇಸರಗಳ ಲೆಕ್ಕ, ಇವುಗಳಲ್ಲಿದೆ. ನೆಲಕ್ಕೆ ಬಿದ್ದ ಒಂದು ಹೂವು, ಒಂದು ಎಲೆ, ಸಾಧ್ಯವಾದರೆ ಒಂದು ಕಾಯಿ ಸಿಕ್ಕಿದರೆ ಸಾಕು. ಮರ ಹತ್ತುವ ಶ್ರಮ ಬೇಕಿಲ್ಲ.

ಮೊದಲು ಮುತ್ತುಗ. ಉಪನಯನದಲ್ಲಿ ವಟುವಿನ ಕೈಗೆ ಕೊಡುವ ದಂಡ ಇದರದು. ಊಟದ ಎಲೆಯನ್ನು ಹಚ್ಚುವುದೂ ಇದರ ಎಲೆಗಳಿಂದಲೇ. 1757ರ ಪ್ಲಾಸಿ ಕದನದ ಹಳ್ಳಿಗೆ ಆ ಹೆಸರು ಬಂದದ್ದು ಈ ಪಲಾಶ ವೃಕ್ಷದಿಂದ. ಒಣ ಬಯಲನ್ನು ಮೆಚ್ಚುವ ಈ ಮರ ಮಳೆ ಹೆಚ್ಚಾದ ಕಾಫಿ ಮಲೆಗಳಲ್ಲಿ ವಿರಳವಾಗುತ್ತದೆ. ಇದರ ಮೊಗ್ಗನ್ನು ಕೈಯಲ್ಲಿ ಹಿಡಿದರೆ ಮಖಮಲ್ಲಿನ ಸ್ಪರ್ಶ. ಪುಷ್ಪಪಾತ್ರೆ ಕಪ್ಪಿಗೆ ಸಮೀಪವಾದ ಕಂದು ಬಣ್ಣದ್ದು. ಕಿತ್ತಳೆಗೆಂಪಿನ ದಳಗಳ ಹೊರಮೈಗೆ ಬೆಳ್ಳಿಯ ನವಿರು ರೋಮ. ಐದು ದಳಗಳಲ್ಲಿ ಮೇಲಿನದು ಪತಾಕೆ, ಎರಡು ಪಕ್ಕದ ರೆಕ್ಕೆಗಳು, ಕೆಳಗಿನ ಎರಡು ಕೂಡಿ ದೋಣಿ. ದೋಣಿ ಬಾಗಿ ಗಿಳಿಯ ಕೊಕ್ಕಿನಂತಾಗಿರುವುದರಿಂದಲೇ “ಇದೇನು ಗಿಳಿಯೋ?” ಎಂಬ ಅರ್ಥದ ಕಿಂಶುಕವೆಂಬ ಹೆಸರು. ಪತಾಕೆ, ರೆಕ್ಕೆ, ದೋಣಿಗಳ ಉದ್ದದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ. ಕಾಯಿ ಚಪ್ಪಟೆ, ಅದರ ತುದಿಯಲ್ಲಿ ಒಂದೇ ಬೀಜ.

ಚಿಕ್ಕಮಗಳೂರನ್ನು ದಾಟಿ ಬೆಟ್ಟದ ಕಡೆ ತಿರುಗಿದ ಮೇಲೆ ಬೂರುಗ ಕಾಣಿಸುತ್ತದೆ. ಇದನ್ನು ಗುರುತಿಸಲು ಶಾಸ್ತ್ರದ ಅಗತ್ಯವೇ ಇಲ್ಲ. ಮಹಾಕಾಯದ ನೇರ ಕಾಂಡ, ಎಳೆಯ ಮರದ ತೊಗಟೆಗೆ ದಪ್ಪ ಮುಳ್ಳು, ಸುತ್ತಲೂ ಅಡ್ಡಲಾಗಿ ಚಾಚಿದ ಕೊಂಬೆಗಳು. ಬಿದ್ದ ಹೂವು ಅಂಗೈ ತುಂಬುತ್ತದೆ: ಬಟ್ಟಲಿನಂಥ ದಪ್ಪ ಪುಷ್ಪಪಾತ್ರೆ, ಸಮನಾದ ಐದು ಮಾಂಸಲ ದಳಗಳು, ನಡುವೆ ಕಂತೆಕಂತೆಯಾಗಿ ನಿಂತ ಹಲವು ಹತ್ತು ಕೇಸರಗಳು. ಪತಾಕೆಯೂ ಇಲ್ಲ, ದೋಣಿಯೂ ಇಲ್ಲ. ಬೇಸಿಗೆಯ ಕೊನೆಯಲ್ಲಿ ಕಾಯಿ ಒಡೆದು ಅರಳೆ ಹಾರುವಾಗ ಉಳಿದಿದ್ದ ಸಂದೇಹವೂ ಹಾರಿಹೋಗುತ್ತದೆ. ಬಂಗಲೆಗಳ ಮುಂದಿನ ಗುಲ್‌ಮೊಹರ್ ಮಡಗಾಸ್ಕರದಿಂದಲೂ, ಮೊಗ್ಗನ್ನು ಒತ್ತಿದರೆ ನೀರು ಚಿಮ್ಮುವ ನೀರುಕಾಯಿ ಮರ ಆಫ್ರಿಕದಿಂದಲೂ ಬಂದ ಅತಿಥಿಗಳು. ಅವುಗಳನ್ನು ಮಲೆಯ ಮಕ್ಕಳೆಂದು ಭಾವಿಸಬೇಕಾಗಿಲ್ಲ.

ಮೂಡಿಗೆರೆಯ ಸೀಮೆಯ ನಿಜವಾದ ಕೆಂಪು ಹಾಲವಾಣದ್ದು. ಹೊಂಗಾರೆಯೆಂದೂ ಇದನ್ನು ಕರೆಯುತ್ತಾರೆ. ಇದರ ಶಾಸ್ತ್ರೀಯ ಹೆಸರಾದ ಎರಿಥ್ರೈನ ಎಂಬುದು ಕೆಂಪೆಂಬ ಗ್ರೀಕ್ ಮಾತಿನಿಂದಲೇ ಹುಟ್ಟಿದೆ. ಮುತ್ತುಗಕ್ಕೂ ಇದಕ್ಕೂ ಜನರು ಭ್ರಮಿಸುವುದು ಆಶ್ಚರ್ಯವಲ್ಲ. ಎರಡೂ ಅವರೆ, ಹುರುಳಿಗಳ ಬಳಗಕ್ಕೆ ಸೇರಿದವು. ಎರಡಕ್ಕೂ ಮೂರು ಮೂರು ಎಲೆಗಳ ಗರಿ. ಎರಡರಲ್ಲೂ ಹತ್ತು ಕೇಸರಗಳು, ಒಂಬತ್ತು ಒಂದುಗೂಡಿ, ಹತ್ತನೆಯದು ಒಂಟಿಯಾಗಿ. ಆದರೆ ಹಾಲವಾಣದ ಕೊಂಬೆಗೆ ಸಣ್ಣ ಕರಿಮುಳ್ಳುಂಟು, ಮುತ್ತುಗಕ್ಕಿಲ್ಲ. ಹಾಲವಾಣದ ಹೂವಿನಲ್ಲಿ ಪತಾಕೆಯೊಂದೇ ದೊಡ್ಡದಾಗಿ ನಿಂತು, ರೆಕ್ಕೆ ಮತ್ತು ದೋಣಿಗಳು ಅದರ ಬುಡದಲ್ಲಿ ಅಡಗಿಕೊಂಡಿರುತ್ತವೆ. ಕೇಸರಗಳು ಮುಚ್ಚುಮರೆಯಿಲ್ಲದೆ ಹೊರಚಾಚುತ್ತವೆ. ಕಾಯಿ ಮಣಿ ಪೋಣಿಸಿದಂತೆ ಅಲ್ಲಲ್ಲಿ ಉಬ್ಬಿರುತ್ತದೆ.

ತೊಡಕಿರುವುದು ಇದರ ಮುಂದೆ. ಹಾಲವಾಣವೆಂಬ ಒಂದೇ ಹೆಸರಿನ ಕೆಳಗೆ ಒಂದಕ್ಕಿಂತ ಹೆಚ್ಚು ಜಾತಿಗಳಿವೆ. ಬೇಲಿಯಲ್ಲಿಯೂ ಮೆಣಸಿನ ಬಳ್ಳಿಗೆ ಆಸರೆಯಾಗಿಯೂ ಕಾಣುವ ಸಾಮಾನ್ಯ ಜಾತಿಯ ಪುಷ್ಪಪಾತ್ರೆ ಒಂದು ಮಗ್ಗುಲಲ್ಲಿ ಬುಡದವರೆಗೆ ಸೀಳಿ, ಹೊಂಬಾಳೆಯನ್ನು ಬಿಟ್ಟುಕೊಟ್ಟ ಅಡಕೆಯ ಹಾಳೆಯಂತೆ ಹಿಂದಕ್ಕೆ ಸರಿಯುತ್ತದೆ. ಅದರ ತುದಿಯಲ್ಲಿ ಐದು ಪುಟ್ಟ ಹಲ್ಲುಗಳು. ದೋಣಿಯ ಎರಡು ದಳಗಳು ಬಿಡಿಬಿಡಿ. ಕಾಡಿನ ಅಂಚಿನಲ್ಲಿ ತಾನಾಗಿ ಬೆಳೆಯುವ ಮತ್ತೊಂದರದೂ ಹಾಳೆಯಂಥ ಪಾತ್ರೆಯೇ, ಆದರೆ ತುದಿಗೆ ಹಲ್ಲುಗಳಿಲ್ಲ ಮತ್ತು ದೋಣಿಯ ದಳಗಳು ಕೂಡಿಕೊಂಡಿವೆ. ಕಾಫಿಯ ನೆರಳಿಗೆಂದು ಗೂಟ ನೆಟ್ಟು ಬೆಳೆಸುವ ಮೂರನೆಯದು ದದಪ್ ಎಂದು ತೋಟದ ಪುಸ್ತಕಗಳಲ್ಲಿ ಪ್ರಸಿದ್ಧವಾದುದು. ಅದರ ಕಾಯಿಯ ಕೆಳಭಾಗ ಬೀಜವಿಲ್ಲದೆ ಚಪ್ಪಟೆಯಾಗಿದ್ದು ತುದಿಯ ಕಡೆಗೆ ಮಾತ್ರ ಬೀಜ ಕಟ್ಟುತ್ತದೆ. ಕಣ್ಣಿಗೆ ಚುಕ್ಕೆಯಂತೆ ಕಾಣುವ ಐದು ಹಲ್ಲುಗಳ ಮೇಲೆ ಒಂದು ಮಹಾವೃಕ್ಷದ ಹೆಸರು ನಿಂತಿದೆಯೆಂದರೆ ನಂಬುವುದು ಕಷ್ಟ. ಸಸ್ಯಶಾಸ್ತ್ರಜ್ಞರ ಹಟವೇ ಅಂಥದು, ಮತ್ತು ಆ ಹಟದಲ್ಲಿ ಅರ್ಥವಿದೆ. ಯೋಗನರಸಿಂಹನ್, ಸುಬ್ರಹ್ಮಣ್ಯಂ ಮತ್ತು ರಾಜಿಯವರು ಚಿಕ್ಕಮಗಳೂರು ಜಿಲ್ಲೆಯ ಸಸ್ಯಗಳನ್ನು ಗ್ರಂಥರೂಪಕ್ಕೆ ತಂದದ್ದು ಇಂಥ ಚುಕ್ಕೆಗಳನ್ನು ಲೆಕ್ಕ ಹಾಕಿಯೇ.

ತೋಟದೊಳಗಿನ ಹಾಲವಾಣ ಹೂಬಿಡುವುದನ್ನು ಕಂಡವರು ಕಡಿಮೆ. ಮುಂಗಾರಿನ ಮೊದಲ ಮಳೆಗೆ ಗೂಟ ಊರಿದರೆ ಚಿಗುರುವ ಈ ಮರವನ್ನು ವರ್ಷವರ್ಷವೂ ಮರಗಸಿ ಮಾಡಿ ಕೊಂಬೆ ಇಳಿಸುತ್ತಾರೆ. ಸವರಿದ ಸೊಪ್ಪು ಕಾಫಿಗಿಡದ ಬುಡದಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತವೆ. ಕತ್ತಿ ಮುಟ್ಟದೆ ಉಳಿದ ಬೇಲಿಯ ಮರವಾದರೋ ಎಲೆಯುದುರಿಸಿ ಕೆಂಡದಂತೆ ಉರಿಯುತ್ತದೆ. ಅದರ ಕೆಳಗೆ ಹತ್ತು ನಿಮಿಷ ನಿಂತರೆ ಗೊರವಂಕ, ಪಿಕಳಾರ, ಕಾಜಾಣ, ಗಿಳಿ, ಸೂರಕ್ಕಿ, ಕಡೆಗೆ ಕಾಗೆಯೂ ಸೇರಿ ಒಂದು ಜಾತ್ರೆಯನ್ನೇ ನೋಡಬಹುದು. ಅಮೆರಿಕದಲ್ಲಿಯೂ ಹಾಲವಾಣದ ಜಾತಿಗಳು ಹಲವು ಇವೆ. ಅಲ್ಲಿ ಮಕರಂದಕ್ಕೆ ಬರುವುದು ಗಾಳಿಯಲ್ಲಿ ತೇಲಿ ನಿಂತು ಕುಡಿಯುವ ಝೇಂಕಾರದ ಹಕ್ಕಿ. ಆದ್ದರಿಂದ ಅವುಗಳಲ್ಲಿ ಬಹಳಷ್ಟರ ಪತಾಕೆ ಸುರುಳಿಗೊಂಡು ಕಿರಿದಾದ ಕೊಳವೆಯಾಗಿದೆ. ಇಲ್ಲಿಯ ಹಕ್ಕಿಗಳಿಗೆ ಕೂರಲು ಪೀಠ ಬೇಕು. ಇಲ್ಲಿಯ ಹೂವು ಬಾಯ್ದೆರೆದು, ಗಟ್ಟಿ ತೊಟ್ಟಿನ ಗೊಂಚಲಿನಲ್ಲಿ ಅವುಗಳನ್ನು ಕೂರಿಸಿ ಉಣಿಸುತ್ತದೆ.

ಈ ಜಾತ್ರೆಗೆ ಈಚೆಗೆ ವಿಘ್ನ ಒದಗಿತು. ಒಂದೂವರೆ ಮಿಲಿಮೀಟರಿನಷ್ಟು ಗಾತ್ರದ ಒಂದು ಕಣಜ ಹಾಲವಾಣದ ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಎಲೆಯೂ ತೊಟ್ಟೂ ಗಂಟುಗಂಟಾಗಿ ಬಾತು, ಮುರುಟಿ, ಉದುರುತ್ತವೆ. ಮತ್ತೆ ಮತ್ತೆ ಚಿಗುರಿ ಸೋತ ಮರ ಕೊನೆಗೆ ಒಣಗುತ್ತದೆ. ವಿಜ್ಞಾನಿಗಳು ಈ ಕೀಟಕ್ಕೆ ಹೆಸರಿಟ್ಟದ್ದೇ 2004ರಲ್ಲಿ. ಅದಾದ ಎರಡು ವರ್ಷಗಳೊಳಗೆ ಅದು ಕೇರಳದ ಮೆಣಸಿನ ತೋಟಗಳಲ್ಲಿತ್ತು, ಬಳಿಕ ಕರ್ನಾಟಕದಲ್ಲಿಯೂ ಕಾಣಿಸಿತು. ಮೆಣಸಿನ ಬಳ್ಳಿಗೆ ಆಸರೆಯೇ ಸತ್ತ ಮೇಲೆ ಬೆಳೆಗಾರನು ಮಾಡುವುದೇನು? ಆಸ್ಟ್ರೇಲಿಯದ ಸಿಲ್ವರ್ ಓಕನ್ನು ನೆಟ್ಟನು. ಅದು ನೆಟ್ಟಗೆ ಬೆಳೆಯುತ್ತದೆ, ಮರವನ್ನು ಮಾರಿದರೆ ಹಣವಾಗುತ್ತದೆ, ಅವನನ್ನು ದೂರುವಂತಿಲ್ಲ. ಆದರೆ ಹಾಲವಾಣದ ಸೊಪ್ಪಿನಂತೆ ಅದರ ತರಗು ಬೇಗ ಕೊಳೆಯುವುದಿಲ್ಲ, ಮಣ್ಣಿಗೆ ಸಾರಜನಕವನ್ನು ಕೂಡಿಸುವ ವಿದ್ಯೆಯೂ ಅದಕ್ಕೆ ತಿಳಿಯದು.

ಹವಾಯಿ ದ್ವೀಪಗಳಲ್ಲಿ 2005ರಲ್ಲಿ ಇದೇ ಕಣಜ ಅಲ್ಲಿಯ ದೇಶೀಯ ಹಾಲವಾಣವಾದ ವಿಲಿವಿಲಿಯನ್ನು ಸಾವಿನ ದವಡೆಗೆ ತಳ್ಳಿತು. ವಿಜ್ಞಾನಿಗಳು ಪೂರ್ವ ಆಫ್ರಿಕಕ್ಕೆ ಹೋಗಿ ಈ ಕಣಜದ ಮರಿಯನ್ನು ತಿಂದು ಬದುಕುವ ಬೇರೊಂದು ಕಣಜವನ್ನು ಹುಡುಕಿ ತಂದು, ಪರೀಕ್ಷಿಸಿ, 2008ರಲ್ಲಿ ಬಿಟ್ಟರು, ವಿಲಿವಿಲಿ ಚೇತರಿಸಿಕೊಂಡಿತು. ಕೆಂಪು ಹೂವಿನ ಮರ ಯಾವುದಾದರೇನು ಎಂದು ಕೈಬಿಟ್ಟಿದ್ದರೆ ಅದರ ಶತ್ರುವನ್ನು ಗುರುತಿಸುವುದೂ, ಶತ್ರುವಿನ ಶತ್ರುವನ್ನು ಅರಸುವುದೂ ಸಾಧ್ಯವಿರಲಿಲ್ಲ.

ಇನ್ನು ಕಳಸ. ಭದ್ರೆಯ ತಡಿಯ ಈ ಊರಿನ ಸುತ್ತ ತೋಟಕ್ಕೂ ಕಾಡಿಗೂ ನಡುವೆ ಗೆರೆಯೆಳೆಯುವುದು ಕಷ್ಟ. ಇಲ್ಲಿ ಕೆಂಪು ಹೂವು ಮರದ್ದಲ್ಲ, ಮರದ ಮೇಲೆ ಕುಳಿತವರದು. ಹಾಗೆ ಕುಳಿತವರಲ್ಲಿ ಒಬ್ಬ ಕಳ್ಳ, ಒಬ್ಬ ಸಾಧು. ಇಬ್ಬರನ್ನೂ ಬಂದಳಿಕೆಯೆಂದು ಒಂದೇ ಕತ್ತಿಗೆ ಕೊಡುವುದುಂಟು.

ಬಂದಳಿಕೆಯ ಹೂವು ಕಿತ್ತಳೆಗೆಂಪಿನ ಉದ್ದ ಕೊಳವೆ. ಕೊಳವೆಯ ತುದಿ ಐದು ಪಟ್ಟಿಗಳಾಗಿ ಸೀಳಿ ಹಿಂದಕ್ಕೆ ಮಡಿಸಿಕೊಳ್ಳುತ್ತದೆ. ಪಟ್ಟಿಗೊಂದರಂತೆ ಐದು ಕೇಸರ. ಅದರ ಹಣ್ಣಿನ ಬೀಜಕ್ಕೆ ಅಂಟು. ಹೂಕುಟುಕವೆಂಬ ಹೆಬ್ಬೆರಳಿನ ಗಾತ್ರದ ಹಕ್ಕಿ ಹಣ್ಣನ್ನು ನುಂಗಿ, ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಮೊಳೆತ ಬಂದಳಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ನೀರು, ಲವಣಗಳನ್ನು ಕದಿಯುತ್ತದೆ. ಬೆಳೆಗಾರನ ಸಿಟ್ಟಿಗೆ ಕಾರಣವುಂಟು.

ಎರಡನೆಯದು ಮಳೆ ಹಿಂದೆಗೆದ ಮೇಲೆ ಹಾವಸೆ ಮೆತ್ತಿದ ಕೊಂಬೆಗಳಲ್ಲಿ ಅರಳುವ ಈಸ್ಕಿನಾಂತಸ್. ಗ್ರೀಕ್ ಭಾಷೆಯಲ್ಲಿ ಇದಕ್ಕೆ ನಾಚಿಕೆಯ ಹೂವೆಂದು ಅರ್ಥ. ಇದರ ದಾಯಾದಿಗಳನ್ನು ಲಿಪ್‌ಸ್ಟಿಕ್ ಗಿಡವೆಂದು ನರ್ಸರಿಗಳಲ್ಲಿ ಮಾರುವುದನ್ನು ಬೆಂಗಳೂರಿನವರು ನೋಡಿರಬಹುದು. ಮಾಂಸಲವಾದ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ನಿಂತಿರುತ್ತವೆ. ಕೊಂಬೆಯ ತುದಿಯಲ್ಲಿ ಬಾಗಿದ ಕಡುಗೆಂಪು ಕೊಳವೆಗಳ ಗೊಂಚಲು. ಕೊಳವೆಯ ಬಾಯಿಗೆ ಮೇಲೊಂದು, ಕೆಳಗೊಂದು ತುಟಿ. ಕೇಸರಗಳು ನಾಲ್ಕು, ಅವುಗಳ ತಲೆಗಳು ಎರಡೆರಡಾಗಿ ಅಂಟಿಕೊಂಡು ಹೊರಗೆ ಇಣುಕುತ್ತವೆ. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಇದಕ್ಕೆ ದೂರದ ನಂಟಿನ ಕೆಂಪು ಹೂಗಳಿವೆ. ಅವುಗಳಲ್ಲಿ ನಾಲ್ಕು ಫಲವಂತ ಕೇಸರಗಳ ಜೊತೆಗೆ ಐದನೆಯದೊಂದು ಬಂಜೆ ಕೇಸರ. ಆ ಬಳಗದ ಅನೇಕ ಹೂಗಳಲ್ಲಿ ಅದಕ್ಕೆ ರೋಮ ಬೆಳೆದಿರುವುದರಿಂದ ಗಡ್ಡದ ನಾಲಗೆಯೆಂದೇ ಗಿಡಕ್ಕೆ ಹೆಸರು ಬಿತ್ತು. ವಿನೋದವೇನೆಂದರೆ, ಅವುಗಳಲ್ಲಿ ಪ್ರಸಿದ್ಧವಾದ ಕೆಲವು ಕೆಂಪು ಜಾತಿಗಳಲ್ಲಿ ಆ ನಾಲಗೆಗೆ ಗಡ್ಡವೇ ಇಲ್ಲ!

ನಾಚಿಕೆಯ ಹೂವಿನ ಗಿಡ ಮರದಿಂದ ಏನನ್ನೂ ಕದಿಯುವುದಿಲ್ಲ. ತೊಗಟೆಯ ಮೇಲಿನ ಹಾವಸೆಯಲ್ಲಿ ಬೇರು ಹರಡಿ, ಮಳೆಯ ನೀರನ್ನೂ ಕೊಳೆತ ತರಗಿನ ಸಾರವನ್ನೂ ನೆಚ್ಚಿ ಬದುಕುತ್ತದೆ. ಕಾಯಿ ಗೇಣುದ್ದದ ಸಪೂರ ಕಡ್ಡಿ; ಒಡೆದರೆ ಕೂದಲಿನಂಥ ಎಳೆಗಳನ್ನು ಹೊತ್ತ ನುಣುಪು ಬೀಜಗಳು ಗಾಳಿಗೆ ಹಾರುತ್ತವೆ. ಹೂವಿಲ್ಲದ ಕಾಲದಲ್ಲಿಯೂ ಇವೆರಡನ್ನು ಬೇರೆ ಮಾಡಿ ತಿಳಿಯಬಹುದು. ಮರಗಸಿಗೆ ಹತ್ತಿದ ಆಳು ಕತ್ತಿ ಎತ್ತುವ ಮೊದಲು ಗಿಡ ಕೊಂಬೆಯನ್ನು ಸೇರುವ ಜಾಗಕ್ಕೆ ಬೆರಳಿಟ್ಟು ನೋಡಬೇಕು. ಅಲ್ಲಿ ಕೊಂಬೆ ಬಾತು ಗಂಟಾಗಿದ್ದು, ಗಿಡ ಅದರೊಳಗಿಂದಲೇ ಎದ್ದಂತಿದ್ದರೆ ಅದು ಬಂದಳಿಕೆ, ಕೊಂಬೆಸಹಿತ ಕಡಿಯಬಹುದು. ಬೇರುಗಳು ತೊಗಟೆಯ ಮೇಲೆಯೇ ಹಬ್ಬಿದ್ದು, ಮೆಲ್ಲನೆ ಎಳೆದರೆ ಹಾವಸೆಯೊಡನೆ ಎದ್ದುಬರುವಂತಿದ್ದರೆ ಅದನ್ನು ಇದ್ದಲ್ಲಿಯೇ ಬಿಟ್ಟು ಮುಂದಿನ ಕೊಂಬೆಗೆ ಹೋಗಬಹುದು.